ಬ್ರಿಡ್ಜ್ ಪಿಕಪ್ ಬದಲಿಸಿ ಗಿಟಾರ್ ಸದ್ದು ಖಡಕ್ ಮಾಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಗಲು ನನ್ನದು ಕಂಪ್ಯೂಟರ್ ರಿಪೇರಿ ಕೆಲಸ. ಸಂಜೆ ಏಳರ ಮೇಲೆ ಅದೇ ಮೇಜಿನ ಮೇಲೆ ಯಾರದಾದರೂ ಗಿಟಾರ್ ಮಲಗಿರುತ್ತದೆ. ಬಳ್ಳಾರಿಯಲ್ಲಿ ಹಾರ್ಮೋನಿಯಂ ಶ್ರುತಿ ಮಾಡುವವರು ಸಿಗುತ್ತಾರೆ, ತಬಲಾ ಬಿಗಿಯುವವರು ಸಿಗುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ಬಿಚ್ಚಿ ಸೋಲ್ಡರ್ ಮಾಡುವವರು ಕಮ್ಮಿ. ಹಾಗಾಗಿ ಆರ್ಕೆಸ್ಟ್ರಾ ಹುಡುಗರು, ಚರ್ಚ್‌ನಲ್ಲಿ ಬಾರಿಸುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವ ಇಂಜಿನಿಯರುಗಳು ನನ್ನ ಬಾಗಿಲಿಗೆ ಬರುತ್ತಾರೆ. ಎಲ್ಲರದ್ದೂ ಒಂದೇ ಮಾತು: "ಅಣ್ಣಾ, ಸೌಂಡ್ ಖಡಕ್ ಆಗಬೇಕು ನೋಡ್ರಿ. ಯಾವ ಪಿಕಪ್ ಹಾಕಿಸಲಿ?" ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ. ಹೊಸಬರಿಗೆ ಒಂದು ಮಾತು: ಪಿಕಪ್ ಅಂದರೆ ತಂತಿಗಳ ಅಡಿ ಕೂತು ಅವುಗಳ ಅಲುಗಾಟವನ್ನು ಕರೆಂಟಿನ ಸಿಗ್ನಲ್ ಮಾಡುವ ಭಾಗ, ಆಂಪ್ ಅದನ್ನು ಜೋರು ಮಾಡುವ ಪೆಟ್ಟಿಗೆ. ಬ್ರಿಡ್ಜ್ ಅಂದರೆ ಗಿಟಾರ್ ಮೈಮೇಲೆ ತಂತಿ ಕೂರುವ ತುದಿ, ನೆಕ್ ಅಂದರೆ ಎಡಗೈ ಹಿಡಿಯುವ ಕತ್ತು.

ಖಡಕ್ ಸದ್ದು ಅಂದರೆ ಜೋರು ಸದ್ದು ತಾನೇ?

ಅಲ್ಲ. ದುಡ್ಡು ಹಾಳಾಗುವುದು ಇಲ್ಲಿಂದಲೇ ಶುರು. ಜೋರು ಬೇಕಿದ್ದರೆ ಆಂಪ್‌ನ ವಾಲ್ಯೂಮ್ ತಿರುಗಿಸಿದರೆ ಆಯಿತು, ಪಿಕಪ್ ಯಾಕೆ?

ನಮ್ಮ ಖಡಕ್ ರೊಟ್ಟಿ ನೆನಪಿಸಿಕೊಳ್ಳಿ. ಮುರಿದರೆ ಟಪ್ಪಂತ ಮುರಿಯುತ್ತದೆ. ಅದೇ ರೊಟ್ಟಿಯನ್ನು ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಇಟ್ಟರೆ ಮೆತ್ತಗಾಗಿ, ಎಳೆದರೂ ಹರಿಯುವುದಿಲ್ಲ. ಗಿಟಾರ್‌ನಲ್ಲೂ ಹೀಗೇ. ಡಿಸ್ಟಾರ್ಶನ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಹಾಕಿ, ಅಂಗೈ ಅಂಚನ್ನು ಬ್ರಿಡ್ಜ್ ಹತ್ತಿರ ಊರಿ, ದಪ್ಪ ತಂತಿಯನ್ನು ಬೇಗ ಬೇಗ ಬಾರಿಸಿ ನೋಡಿ. ಪ್ರತಿ ಏಟೂ ಬೇರೆ ಬೇರೆ ಕೇಳಿಸಿದರೆ ಅದು ಖಡಕ್. ಎಲ್ಲ ಕೂಡಿ ಅಂಬಲಿಯಾದರೆ ಅದು ಬರೀ ಜೋರು.

ಇದಕ್ಕೆ ಬೇಕಿರುವುದು ಮೂರು ಗುಣ. ಕೆಳಗಿನ ಬಾಸ್ ಬಿಗಿಯಾಗಿರಬೇಕು. ನಡುವಿನ ಮಿಡ್ ಸ್ವಲ್ಪ ಮುಂದೆ ಬರಬೇಕು, ಇಲ್ಲದಿದ್ದರೆ ಡ್ರಮ್ಮು ಕೀಬೋರ್ಡು ಸೇರಿದಾಗ ಗಿಟಾರ್ ಮಾಯ. ಮೇಲೆ ಪ್ಲೆಕ್ಟ್ರಮ್ (ತಂತಿ ಮೀಟುವ ಪುಟ್ಟ ಬಿಲ್ಲೆ) ತಂತಿಗೆ ತಗುಲುವ ಕಚ್ಚು ಕೇಳಬೇಕು. ನಿಮ್ಮ ಗಿಟಾರ್‌ನಲ್ಲಿ ಈ ಮೂರರಲ್ಲಿ ಯಾವುದು ಕಮ್ಮಿ ಅಂತ ಗೊತ್ತಾದರೆ ಅರ್ಧ ಪಿಕಪ್ ಆರಿಸಿದ ಹಾಗೆಯೇ.

ಬ್ರಿಡ್ಜ್ ಪಿಕಪ್ಪೇ ಯಾಕೆ? ನೆಕ್ ಪಿಕಪ್ ಬದಲಿಸಿದರೆ ಆಗಲ್ವಾ?

ಬ್ರಿಡ್ಜ್ ಹತ್ತಿರ ತಂತಿ ಅಲುಗಾಡುವುದು ಕಮ್ಮಿ, ಆದರೆ ಅಲ್ಲಿ ಮೇಲಿನ ಸ್ವರಾಂಶಗಳ ಪಾಲು ಜಾಸ್ತಿ. ಹಾಗಾಗಿ ಅಲ್ಲಿನ ಸದ್ದು ತೆಳ್ಳಗೆ, ಚೂಪಾಗಿ ಇರುತ್ತದೆ. ಡಿಸ್ಟಾರ್ಶನ್‌ಗೆ ಇದೇ ಬೇಕು. ಅಲುಗಾಟ ಕಮ್ಮಿಯಾದ್ದರಿಂದ ಬ್ರಿಡ್ಜ್ ಪಿಕಪ್‌ಗೆ ಸಾಮಾನ್ಯವಾಗಿ ಸುತ್ತು ಜಾಸ್ತಿ ಹಾಕಿರುತ್ತಾರೆ. ನೆಕ್‌ಗೆ ಅಂತ ಮಾಡಿದ್ದನ್ನು ಬ್ರಿಡ್ಜ್‌ನಲ್ಲಿ ಕೂರಿಸಿದರೆ ಸಪ್ಪೆ. ಕೊಳ್ಳುವಾಗ ಡಬ್ಬಿ ಮೇಲೆ "ಬ್ರಿಡ್ಜ್" ಅಂತ ಇದೆಯಾ ನೋಡಿ.

ದುಡ್ಡು ಖರ್ಚು ಮಾಡದೆ ಏನಾದರೂ ಮಾಡಬಹುದಾ?

ಮಾಡಬಹುದು. ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನ ಇಲ್ಲಿಗೇ ಖುಷಿಯಾಗಿ ಹೋಗಿದ್ದಾರೆ. ನನಗೆ ಸಿಕ್ಕಿದ್ದು ಒಂದು ಚಹಾ, ಹೆಚ್ಚೆಂದರೆ ಒಂದು ಪ್ಲೇಟ್ ಒಗ್ಗರಣೆ ಮಿರ್ಚಿ.

ಮೊದಲು ಪಿಕಪ್ ಎತ್ತರ. ಪಿಕಪ್‌ನ ಎರಡೂ ಬದಿಗೆ ಒಂದೊಂದು ಸ್ಕ್ರೂ ಇರುತ್ತದೆ. ಕೊನೆಯ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ತಂತಿ ಒತ್ತಿ ಹಿಡಿದು, ತಂತಿಯ ಅಡಿಯಿಂದ ಪಿಕಪ್‌ನ ಕಂಬದ ತಲೆಗೆ ಎಷ್ಟು ಅಂತರ ಇದೆ ಅಳೆಯಿರಿ. ದಪ್ಪ ತಂತಿಯ ಕಡೆ 2 ಮಿಲಿಮೀಟರ್, ಸಣ್ಣ ತಂತಿಯ ಕಡೆ 1.5 ಇಟ್ಟು ಶುರು ಮಾಡಿ. ಅಲ್ಲಿಂದ ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತಾ ಕೇಳಿ. ಹತ್ತಿರ ತಂದಷ್ಟೂ ಸದ್ದು ಬಿರುಸು. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆಯತೊಡಗಿ ಸ್ವರ ಬೇಗ ಸಾಯುತ್ತದೆ, ಶ್ರುತಿಯೂ ತೂಗಾಡುತ್ತದೆ. ಬಾಸ್ ಗಲೀಜಾಗಿದ್ದರೆ ದಪ್ಪ ತಂತಿಯ ಕಡೆ ಮಾತ್ರ ಇಳಿಸಿ. ಇಷ್ಟರಿಂದಲೇ ಅಂಬಲಿ ಗಟ್ಟಿಯಾದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಆಮೇಲೆ ತಂತಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೂರಲ್ಲಿ ಕೈ ಬೆವರಿ ತಂತಿ ಎರಡೇ ವಾರದಲ್ಲಿ ಮಂಕಾಗುತ್ತದೆ. ಹಳೇ ತಂತಿ ಮೇಲೆ ಎಂಥ ಪಿಕಪ್ ಹಾಕಿದರೂ ಕಚ್ಚು ಬರುವುದಿಲ್ಲ. ಪ್ಲೆಕ್ಟ್ರಮ್ ಕೂಡ ನೋಡಿ. ಬಾಗುವ 0.60 ಬಿಟ್ಟು 1 ಮಿಲಿಮೀಟರ್ ದಾಟಿದ್ದು ಹಿಡಿದರೆ ಏಟು ನೇರವಾಗಿ ಬೀಳುತ್ತದೆ. ಇನ್ನು, ಗೇನ್ (ಆಂಪ್‌ನಲ್ಲಿ ಡಿಸ್ಟಾರ್ಶನ್ ಏರಿಸುವ ನಾಬ್) ಕಮ್ಮಿ ಮಾಡಿ. ಹೌದು, ಕಮ್ಮಿ. ಹುಡುಗರು ಇದನ್ನು ನಂಬುವುದೇ ಇಲ್ಲ. ಹತ್ತರಲ್ಲಿರುವ ಗೇನ್ ಆರಕ್ಕೆ ತಂದು, ಮಿಡ್ ಎರಡು ಗೆರೆ ಏರಿಸಿ ಕೇಳಿ.

ಕಿಲೋ ಓಮ್ ಜಾಸ್ತಿ ಇದ್ದಷ್ಟೂ ಪಿಕಪ್ ಬಿರುಸಾಗಿರುತ್ತಾ?

ಓಮ್ ಅಂದರೆ ಪಿಕಪ್‌ನ ವೈರು ಕರೆಂಟಿಗೆ ಒಡ್ಡುವ ತಡೆಯ ಅಳತೆ. ಅದು ಜಾಸ್ತಿಯಾದರೆ ಬಿರುಸು ಅಂತ ನಾನೂ ಅಂದುಕೊಂಡಿದ್ದೆ. ನನ್ನ ಮೊದಲ ಗಿಟಾರ್ ಮಹಾಗನಿಯದ್ದು, ಭಾರ, ಸದ್ದು ಮೊದಲೇ ಮಬ್ಬು. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಇದ್ದ ಪಿಕಪ್ ಹುಡುಕಿ ತರಿಸಿದೆ. ಮೂರು ತಿಂಗಳು ಕೂಡಿಟ್ಟ ದುಡ್ಡು. ಹಾಕಿ ಬಾರಿಸಿದರೆ ಕಂಬಳಿ ಹೊದ್ದು ಹಾಡಿದ ಹಾಗೆ. ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದೆ.

ಆಗಿದ್ದು ಇಷ್ಟು. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಹಾಕಿದ ಸಣ್ಣ ತಾಮ್ರದ ವೈರು. ಹಳೇ ಕಾಲದ ಹಂಬಕರ್‌ಗೆ (ವೈರಿನ ಎರಡು ಸುರುಳಿ, ಅಂದರೆ ಎರಡು ಕಾಯಿಲ್ ಇರುವ ಪಿಕಪ್) 42 ಗೇಜ್ ವೈರ್ ಬಳಸುತ್ತಿದ್ದರು, ದಪ್ಪ ಸುಮಾರು 0.063 ಮಿಲಿಮೀಟರ್. ಸುತ್ತು ಜಾಸ್ತಿ ಹಿಡಿಸಲು 43, 44 ಗೇಜಿನ ಇನ್ನೂ ಸಣ್ಣ ವೈರ್ ಬಂತು. ವೈರ್ ಸಣ್ಣದಾದರೆ ಅಷ್ಟೇ ಸುತ್ತಿಗೂ ಓಮ್ ಏರುತ್ತದೆ. ಅಂದರೆ ಮೀಟರ್‌ನಲ್ಲಿ ಅಂಕಿ ದೊಡ್ಡದಾಯಿತು, ಸದ್ದು ಅಷ್ಟೇ ಇರಬಹುದು.

ಇನ್ನೊಂದು ತಮಾಷೆ ಹೇಳುತ್ತೇನೆ. ತಾಮ್ರ ಬಿಸಿಯಾದರೆ ಅದರ ಓಮ್ ಡಿಗ್ರಿಗೆ ನೂರಕ್ಕೆ 0.39ರಷ್ಟು ಏರುತ್ತದೆ. ಡಿಸೆಂಬರ್ ಬೆಳಿಗ್ಗೆ 20 ಡಿಗ್ರಿಯಲ್ಲಿ 16 ಕಿಲೋ ಓಮ್ ತೋರಿಸಿದ ಪಿಕಪ್, ಬಳ್ಳಾರಿಯ ಮೇ ತಿಂಗಳ 40 ಡಿಗ್ರಿಯಲ್ಲಿ 17.2 ತೋರಿಸುತ್ತದೆ. ಬಿಸಿಲಿಗೆ ಗಿಟಾರ್ ಖಡಕ್ ಆಯಿತು ಅಂತ ಯಾರಾದರೂ ಹೇಳಿಯಾರೇ?

ಸುತ್ತು ನಿಜವಾಗಿ ಜಾಸ್ತಿ ಇದ್ದಾಗ ಸದ್ದು ಏರುತ್ತದೆ, ಸುಳ್ಳಲ್ಲ. ಆದರೆ ಅದಕ್ಕೊಂದು ತೆರಿಗೆ ಕಟ್ಟಬೇಕು. ಕಾಯಿಲ್‌ನ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ, ಅಳೆಯುವುದು ಹೆನ್ರಿಯಲ್ಲಿ) ಏರುತ್ತದೆ, ಪಿಕಪ್ ತುಂಬಾ ಚುರುಕಾಗಿ ಸ್ಪಂದಿಸುವ ಜಾಗ ಕೆಳಗೆ ಇಳಿಯುತ್ತದೆ. ಹಳೇ ಮಾದರಿಯ ಹಂಬಕರ್ 4 ಹೆನ್ರಿ ಆಸುಪಾಸು. ಆರು ಮೀಟರ್ ಕೇಬಲ್ ಚುಚ್ಚಿದರೆ ಅದರ ಚುರುಕು 3,000 ಹರ್ಟ್ಸ್ ಹತ್ತಿರ ಕೂರುತ್ತದೆ. 8 ಹೆನ್ರಿಯ ಪಿಕಪ್‌ನಲ್ಲಿ ಅದೇ 2,100ಕ್ಕೆ ಬರುತ್ತದೆ. ಮೇಲಿನ ಕಚ್ಚು ಹೋಗಿ ಮಿಡ್ ಉಬ್ಬುತ್ತದೆ. ತೆಳ್ಳಗೆ ಕಿರುಚುವ ಗಿಟಾರ್‌ಗೆ ಇದು ವರ. ನನ್ನ ಮಹಾಗನಿಗೆ ಶಾಪವಾಯಿತು.

ಹಾಗಾಗಿ ನನ್ನ ಲೆಕ್ಕ ಇದು: ಗಿಟಾರ್‌ನಲ್ಲಿ ಏನು ಮೊದಲೇ ಜಾಸ್ತಿ ಇದೆಯೋ ಅದನ್ನೇ ಇನ್ನಷ್ಟು ಕೊಡುವ ಪಿಕಪ್ ತರಬೇಡಿ. ಸಾರಿಗೆ ಉಪ್ಪಾಗಿದ್ದರೆ ಇನ್ನೊಂದು ಚಮಚ ಹಾಕುತ್ತೀರಾ?

ಸೆರಾಮಿಕ್ ಒಳ್ಳೆಯದಾ, ಆಲ್ನಿಕೊ ಒಳ್ಳೆಯದಾ?

ಆಲ್ನಿಕೊ ಅಂದರೆ ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣದ ಜೊತೆ ಬೆರೆತ ಲೋಹ. 2, 3, 4, 5, 8 ಅಂತ ನಂಬರುಗಳಿವೆ. ಪಿಕಪ್‌ನಲ್ಲಿ ಜಾಸ್ತಿ ಕಾಣುವುದು 2 ಮತ್ತು 5. 2 ಮೆತ್ತಗೆ, 5 ಗಟ್ಟಿ. ಸೆರಾಮಿಕ್ ಅಂದರೆ ಫೆರೈಟ್, ಸ್ಪೀಕರ್ ಹಿಂದೆ ಇರುವ ಕಪ್ಪು ಬಳೆಯ ಜಾತಿ. ಅಗ್ಗ, ಬಲ ಜಾಸ್ತಿ. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಮೇಲಿನ ಸದ್ದು ಕಮ್ಮಿ ನುಂಗಿಹೋಗುತ್ತದೆ. ಏಟು ಥಟ್ಟಂತ ಬರುತ್ತದೆ, ಬಾಸ್ ಬಿಗಿ. ಆಲ್ನಿಕೊ 5ರಲ್ಲಿ ಏಟಿನ ಅಂಚು ಸ್ವಲ್ಪ ದುಂಡಗೆ, ಕೈಯ ಏರಿಳಿತ ಚೆನ್ನಾಗಿ ಕೇಳುತ್ತದೆ.

ಬರೀ ರಿದಮ್, ಬರೀ ಬಿರುಸು ಬೇಕಿದ್ದರೆ ನಾನು ಸೆರಾಮಿಕ್ ಕಡೆ. ಒಂದೇ ಗಿಟಾರ್‌ನಲ್ಲಿ ಆರ್ಕೆಸ್ಟ್ರಾದ ಮೆಲೊಡಿಯನ್ನೂ ಬಾರಿಸಬೇಕು ಅಂದರೆ ಆಲ್ನಿಕೊ 5. "ಅಗ್ಗದ ಪಿಕಪ್‌ನಲ್ಲೂ ಸೆರಾಮಿಕ್ ಇರುತ್ತದಲ್ಲ, ಅಣ್ಣಾ?" ಅಂತ ಕೇಳುತ್ತಾರೆ. ಇರುತ್ತದೆ. ಅನ್ನ ಒಂದೇ, ಮಾಡುವ ಕೈ ಬೇರೆ.

ಸುಮ್ನೆ ಹೆಸರು ಹೇಳಿಬಿಡಿ. ಯಾವುದು ತಗೊಳ್ಳಲಿ?

ಹೇಳುತ್ತೇನೆ, ಆದರೆ ಮೇಲಿನದ್ದು ಓದದೆ ಇಲ್ಲಿಗೆ ಹಾರಿ ಬಂದಿದ್ದರೆ ವಾಪಸ್ ಹೋಗಿ.

ಹಗುರ ಮರದ, ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಆಕಾರದ, ಕಿರುಚುವ ಗಿಟಾರ್‌ಗೆ ಡಿಮಾರ್ಜಿಯೊ ಸೂಪರ್ ಡಿಸ್ಟಾರ್ಶನ್. 1972ರಿಂದ ಇದೆ. ಗಿಟಾರ್ ಜೊತೆ ಬಂದದ್ದನ್ನು ತೆಗೆದು ಬೇರೆ ಪಿಕಪ್ ಹಾಕುವ ಚಟ ಜಗತ್ತಿಗೆ ಹತ್ತಿಸಿದ್ದರಲ್ಲಿ ಇದರ ಪಾಲು ದೊಡ್ಡದು. ಸೆರಾಮಿಕ್, 13 ಕಿಲೋ ಓಮ್ ದಾಟಿದ್ದು, ಮಿಡ್ ದಪ್ಪ. ಅದೇ ಕಂಪನಿಯ ಟೋನ್ ಝೋನ್ ಇನ್ನೂ ದಪ್ಪ, ಆಲ್ನಿಕೊ 5, ಬಾಸ್ ತುಂಬಾ. ತೆಳು ಗಿಟಾರ್‌ಗೆ ಮಾತ್ರ.

ಸೆಮೂರ್ ಡಂಕನ್ ಜೆಬಿ ಎಲ್ಲರ ಬಾಯಲ್ಲೂ ಇರುವ ಹೆಸರು. ಆಲ್ನಿಕೊ 5, 16 ಕಿಲೋ ಓಮ್ ಆಸುಪಾಸು, ಮೇಲಿನ ಮಿಡ್ ಮುಂದಕ್ಕೆ ನುಗ್ಗುತ್ತದೆ. ಸೋಲೋ ಬಾರಿಸಿದರೆ ಹಾಡುತ್ತದೆ. ಕೆಲವು ಗಿಟಾರ್‌ನಲ್ಲಿ ಕಿವಿ ಚುಚ್ಚುತ್ತದೆ, ಬಾಸ್ ಸ್ವಲ್ಪ ಸಡಿಲ. ಎಲ್ಲರೂ ಹೊಗಳುತ್ತಾರೆ ಅಂತ ಕಣ್ಣು ಮುಚ್ಚಿ ಕೊಳ್ಳಬೇಡಿ.

ಮಬ್ಬು ಗಿಟಾರ್‌ಗೆ ಅದೇ ಕಂಪನಿಯ ಕಸ್ಟಮ್. ಸೆರಾಮಿಕ್, 14 ಆಸುಪಾಸು. ಬಾಸ್ ಬಿಗಿ, ಮೇಲೆ ಚುರುಕು. ನನ್ನ ಮಹಾಗನಿ ಕೊನೆಗೆ ಸುಧಾರಿಸಿದ್ದು ಇದರಿಂದಲೇ. ಓಮ್ ಮೊದಲಿನದಕ್ಕಿಂತ ಕಮ್ಮಿ, ಸದ್ದು ಎರಡರಷ್ಟು ಖಡಕ್.

ತಂತಿ ತುಂಬಾ ಇಳಿಸಿ, ಮೆಟಲ್ ಬಾರಿಸುವವರಿಗೆ ಡಂಕನ್ ನಾಜ್‌ಗುಲ್, ಅಥವಾ ಕೆಳಗೆ ಹೇಳುವ ಆಕ್ಟಿವ್ ಪಿಕಪ್. ಇನ್ವೇಡರ್ ಅಂತ ಒಂದಿದೆ, ಮೂರು ಸೆರಾಮಿಕ್ ಅಯಸ್ಕಾಂತ, ದಪ್ಪ ಕಪ್ಪು ಸ್ಕ್ರೂ. ನೋಡಲು ಭಯಂಕರ. ಹುಡುಗರು ರೂಪಕ್ಕೇ ಮರುಳಾಗುತ್ತಾರೆ. ನನ್ನ ಕಿವಿಗೆ ಅದು ಬಹಳ ದಪ್ಪ.

ನನ್ನದು ಮೂರು ಸಿಂಗಲ್ ಕಾಯಿಲ್ ಇರುವ ಗಿಟಾರ್. ಹಂಬಕರ್ ಕೂರುತ್ತಾ?

ಎರಡು ದಾರಿ. ಸಿಂಗಲ್ ಕಾಯಿಲ್ ಅಳತೆಯಲ್ಲೇ ಬರುವ ರೈಲ್ ಹಂಬಕರ್ ಇವೆ. ಕಂಬಗಳ ಬದಲು ಎರಡು ಉದ್ದ ಪಟ್ಟಿ ಇರುತ್ತದೆ. ಡಂಕನ್ ಹಾಟ್ ರೈಲ್ಸ್, ಡಿಮಾರ್ಜಿಯೊ ಫಾಸ್ಟ್ ಟ್ರ್ಯಾಕ್ 2 ಆ ಜಾತಿ. ಮರ ಕೆತ್ತಬೇಕಿಲ್ಲ, ಹಳೇದು ತೆಗೆದು ಇದನ್ನು ಕೂರಿಸಿದರೆ ಮುಗಿಯಿತು. ಹೊಸಬರಿಗೆ ನಾನು ಹೇಳುವುದು ಇದನ್ನೇ.

ದೊಡ್ಡ ಹಂಬಕರ್ ಬೇಕೇ ಬೇಕು ಅಂದರೆ ಪಿಕ್‌ಗಾರ್ಡ್ (ಗಿಟಾರ್ ಮುಂಭಾಗದ ಪ್ಲಾಸ್ಟಿಕ್ ಹಲಗೆ) ಬಿಚ್ಚಿ ಒಳಗೆ ನೋಡಿ. ಎಷ್ಟೋ ಗಿಟಾರ್‌ಗಳಲ್ಲಿ ಮರದ ಗುಂಡಿಯನ್ನು ಮೊದಲೇ ಅಗಲವಾಗಿ ತೆಗೆದಿರುತ್ತಾರೆ. ಆಗ ಹೊಸ ಪಿಕ್‌ಗಾರ್ಡ್ ಸಾಕು. ಗುಂಡಿ ಚಿಕ್ಕದಿದ್ದರೆ ಬಡಗಿ ಹತ್ತಿರ ಉಳಿ ಸುತ್ತಿಗೆ ಹಾಕಿಸಬೇಡಿ, ದಯವಿಟ್ಟು. ಬಾಗಿಲು ಕೆತ್ತುವ ಕೈಗೆ ಒಂದು ಗಿಟಾರ್ ಕೊಟ್ಟು ಪಶ್ಚಾತ್ತಾಪಪಟ್ಟವರನ್ನು ಕಂಡಿದ್ದೇನೆ.

ಹಂಬಕರ್ ಅಂತ ಹೆಸರು ಯಾಕೆ?

ಗುಂಯ್ ಅನ್ನುವ ಹಮ್ ಸದ್ದನ್ನು ಮುರಿಯುವುದರಿಂದ. ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬ ಇಂಜಿನಿಯರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1959ರಲ್ಲಿ ಸಿಕ್ಕಿತು. ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಮಾಡಿದರೆ ತಂತಿಯ ಸದ್ದು ಕೂಡುತ್ತದೆ, ಹೊರಗಿನಿಂದ ಬಂದ ಗುಂಯ್ ಒಂದನ್ನೊಂದು ಕಳೆಯುತ್ತದೆ. ಗೇನ್ ಏರಿಸಿದಾಗ ಗುಂಯ್ ಕೂಡ ಏರುತ್ತದೆ, ಅದಕ್ಕೇ ಬಿರುಸು ಸದ್ದಿಗೆ ಹಂಬಕರ್.

ಆಕ್ಟಿವ್ ಪಿಕಪ್ ಹಾಕಿಸಲಾ?

ಇಎಂಜಿ 81 ಅಂತ ಕೇಳಿರುತ್ತೀರಿ. ಸೆರಾಮಿಕ್ ಅಯಸ್ಕಾಂತ, ಒಳಗೇ ಒಂದು ಚಿಕ್ಕ ಪ್ರಿಆಂಪ್ (ಸಿಗ್ನಲ್ ಏರಿಸುವ ಸರ್ಕ್ಯೂಟ್), 9 ವೋಲ್ಟ್ ಬ್ಯಾಟರಿ. ಬಾಸ್ ಕಬ್ಬಿಣದ ಹಾಗೆ ಬಿಗಿ, ಗುಂಯ್ ತೀರಾ ಕಮ್ಮಿ. ಇಳಿಸಿದ ಶ್ರುತಿಯ ರಿದಮ್‌ಗೆ ಅದರ ಮುಂದೆ ನಿಲ್ಲುವವು ಕಮ್ಮಿ. ನನಗೆ ಹಿಡಿಸದ್ದು ಒಂದೇ: ಮೆಲ್ಲಗೆ ಬಾರಿಸಿದರೂ ಜೋರಾಗಿ ಬಾರಿಸಿದರೂ ಹೆಚ್ಚುಕಮ್ಮಿ ಅದೇ ಮುಖ.

ಹಾಕಿಸುವ ಮುನ್ನ ಬ್ಯಾಟರಿಗೆ ಒಳಗೆ ಜಾಗ ಇದೆಯಾ ನೋಡಿ. ಪಾಟ್‌ಗಳು (ವಾಲ್ಯೂಮ್, ಟೋನ್ ನಾಬ್‌ನ ಅಡಿ ಇರುವ ಭಾಗ) 25 ಕಿಲೋ ಓಮ್‌ನವು ಬೇಕು, ಜಾಕ್ ಸ್ಟೀರಿಯೊ ಬೇಕು. ಡಬ್ಬಿಯಲ್ಲಿ ಸಾಮಾನ್ಯವಾಗಿ ಎಲ್ಲ ಬರುತ್ತದೆ. ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಬಾರಿಸಿ ಆದ ಮೇಲೆ ಕಿತ್ತಿಡಿ. ನೆಕ್‌ನಲ್ಲಿ ಮಾಮೂಲಿ ಪಿಕಪ್ ಉಳಿಸಿ ಬ್ರಿಡ್ಜ್‌ಗೆ ಮಾತ್ರ ಆಕ್ಟಿವ್ ಹಾಕುವುದು ತಲೆನೋವು. ಪಾಟ್ ಇಬ್ಬರಿಗೂ ಹೊಂದುವುದಿಲ್ಲ.

ತಂತಿ ಅಂತರ, ಎಫ್ ಸ್ಪೇಸ್, ಟ್ರೆಂಬಕರ್ ಅಂದರೆ ಏನು?

ಬ್ರಿಡ್ಜ್ ಪಿಕಪ್ ಮೇಲೆ ಮೊದಲ ತಂತಿಯ ನಡುವಿನಿಂದ ಆರನೇ ತಂತಿಯ ನಡುವಿಗೆ ಸ್ಕೇಲ್ ಇಟ್ಟು ಅಳೆಯಿರಿ. 49-50 ಮಿಲಿಮೀಟರ್ ಬಂದರೆ ಮಾಮೂಲಿ ಅಳತೆ. 51ರಿಂದ 53 ಬಂದರೆ ಅಗಲದ್ದು. ಅದನ್ನೇ ಡಿಮಾರ್ಜಿಯೊದವರು ಎಫ್ ಸ್ಪೇಸ್ ಅನ್ನುತ್ತಾರೆ, ಡಂಕನ್‌ನವರು ಟ್ರೆಂಬಕರ್. ಟ್ರೆಮೊಲೊ (ಶ್ರುತಿ ಅಲುಗಾಡಿಸುವ ಹಿಡಿಕೆ) ಇರುವ ಗಿಟಾರ್‌ಗೆ ಸಾಮಾನ್ಯವಾಗಿ ಅಗಲದ್ದು. ಒಂದು ಮಿಲಿಮೀಟರ್ ತಪ್ಪಿದರೆ ಆಕಾಶವೇನೂ ಬೀಳುವುದಿಲ್ಲ.

ಪಾಟ್ ಕೂಡ ಬದಲಿಸಬೇಕಾ?

ಸಿಂಗಲ್ ಕಾಯಿಲ್ ಗಿಟಾರ್‌ನಲ್ಲಿ 250 ಕಿಲೋ ಓಮ್ ಪಾಟ್ ಇರುತ್ತದೆ, ಹಂಬಕರ್‌ಗೆ 500. ಹಂಬಕರ್ ಹಾಕಿ 250 ಬಿಟ್ಟರೆ ಮೇಲಿನ ಕಚ್ಚು ಸ್ವಲ್ಪ ಸೋರಿಹೋಗುತ್ತದೆ. ಪಿಕಪ್‌ಗೆ ಸಾವಿರಗಟ್ಟಲೆ ಕೊಟ್ಟು ಪಾಟ್‌ಗೆ ಜಿಪುಣತನ ಮಾಡಬೇಡಿ. ಆದರೆ ಹೊಸ ಪಿಕಪ್ ಕಿವಿ ಚುಚ್ಚುತ್ತಿದ್ದರೆ ಅದೇ 250 ಔಷಧ. ಪಾಟ್ ಹೊರಗೆ ತೆಗೆದು ಮೀಟರ್ ಇಟ್ಟು ನೋಡಿ, ಮೇಲೆ ಬರೆದ ಅಂಕಿಗೂ ಒಳಗಿನದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ಸೋಲ್ಡರಿಂಗ್ ನಾನೇ ಮಾಡಬಹುದಾ? ವೈರ್ ಬಣ್ಣ ಯಾವುದು ಎಲ್ಲಿಗೆ?

ಮಾಡಬಹುದು. ಬಿಚ್ಚುವ ಮೊದಲು ಫೋನ್‌ನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಬಿಚ್ಚಿದ ಮೇಲೆ ಅಲ್ಲ, ಮೊದಲು.

ನಾಲ್ಕು ವೈರ್‌ನ ಡಂಕನ್‌ನಲ್ಲಿ ಕಪ್ಪು ಸಿಗ್ನಲ್, ಅದು ಸ್ವಿಚ್‌ಗೆ ಹೋಗುತ್ತದೆ. ಕೆಂಪು ಮತ್ತು ಬಿಳಿ ಎರಡನ್ನೂ ಕೂಡಿಸಿ ಸೋಲ್ಡರ್ ಮಾಡಿ, ಟೇಪ್ ಸುತ್ತಿ ಬಿಡಿ. ಬರೀ ವೈರ್ ಅಂದರೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದ್ದು. ಹಸಿರು ಮತ್ತು ಬರೀ ವೈರ್ ಗ್ರೌಂಡ್‌ಗೆ. ಡಿಮಾರ್ಜಿಯೊದಲ್ಲಿ ಸಿಗ್ನಲ್ ಕೆಂಪು, ಕೂಡಿಸಬೇಕಾದ್ದು ಕಪ್ಪು ಮತ್ತು ಬಿಳಿ, ಹಸಿರು ಮತ್ತು ಬರೀ ವೈರ್ ಗ್ರೌಂಡ್‌ಗೆ. ಬೇರೆ ಕಂಪನಿಯದ್ದಾದರೆ ಡಬ್ಬಿಯೊಳಗಿನ ಚೀಟಿ ಎಸೆಯಬೇಡಿ. ಒಬ್ಬೊಬ್ಬರದ್ದು ಒಂದೊಂದು ಬಣ್ಣ.

40 ವಾಟ್ ಐರನ್, ರೋಸಿನ್ ಇರುವ 60/40 ಸೋಲ್ಡರ್ ಸಾಕು. ಪಾಟ್ ಬೆನ್ನಿಗೆ ಗ್ರೌಂಡ್ ಹಚ್ಚುವಾಗ ಮಾತ್ರ ಹುಷಾರು. ಅದು ದಪ್ಪ ತಗಡು, ಬಿಸಿ ಎಳೆದುಕೊಳ್ಳುತ್ತದೆ. ಸಣ್ಣ ಐರನ್ ಹಿಡಿದು ನಿಮಿಷಗಟ್ಟಲೆ ಒತ್ತಿದರೆ ಒಳಗಿನ ಪಟ್ಟಿ ಸುಡುತ್ತದೆ. ಬೆನ್ನನ್ನು ಸ್ವಲ್ಪ ಉಜ್ಜಿ, ದಪ್ಪ ತುದಿಯ ಐರನ್‌ನಿಂದ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. ವೈರ್ ಉದ್ದ ಇದೆ ಅಂತ ಕತ್ತರಿಸಬೇಡಿ. ನಾನು ಒಮ್ಮೆ ಚೆಂದ ಕಾಣಲಿ ಅಂತ ಮೋಟು ಮಾಡಿ, ಮುಂದೆ ಬೇರೆ ಗಿಟಾರ್‌ಗೆ ಹಾಕುವಾಗ ತಲೆ ಚಚ್ಚಿಕೊಂಡಿದ್ದೇನೆ.

ಎಲ್ಲ ಮುಚ್ಚಿ ತಂತಿ ಕಟ್ಟುವ ಮೊದಲು, ಕೇಬಲ್ ಚುಚ್ಚಿ ಪಿಕಪ್ ಮೇಲೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಟ್ಟಿ. ಟಕ್ ಅಂದರೆ ಜೀವ ಇದೆ.

ಬ್ರಿಡ್ಜ್, ನೆಕ್ ಎರಡೂ ಕೂಡಿಸಿದಾಗ ಸದ್ದು ತೆಳ್ಳಗಾಗುತ್ತದೆ. ಯಾಕೆ?

ಎರಡರ ಫೇಸ್ ಉಲ್ಟಾ ಇದೆ. ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತಿದೆ. ಹೊಸ ಪಿಕಪ್‌ನ ಸಿಗ್ನಲ್ ಮತ್ತು ಗ್ರೌಂಡ್ ವೈರ್ ಅದಲು ಬದಲು ಮಾಡಿ. ಡಂಕನ್‌ನಲ್ಲಾದರೆ ಹಸಿರನ್ನು ಸ್ವಿಚ್‌ಗೆ, ಕಪ್ಪನ್ನು ಗ್ರೌಂಡ್‌ಗೆ. ಬರೀ ವೈರ್ ಮಾತ್ರ ಯಾವಾಗಲೂ ಗ್ರೌಂಡ್‌ನಲ್ಲೇ ಇರಬೇಕು.

ಹಂಬಕರ್ ಹಾಕಿಸಿದರೂ ಗುಂಯ್ ಹೋಗಿಲ್ಲ. ಮೋಸ ಹೋದೆನಾ?

ತಂತಿ ಮುಟ್ಟಿದಾಗ ಗುಂಯ್ ಕಮ್ಮಿಯಾಗುತ್ತದಾ? ಹಾಗಾದರೆ ಗಿಟಾರ್ ಒಳಗಿನ ಗ್ರೌಂಡ್ ಸರಿ ಇದೆ, ಶೀಲ್ಡಿಂಗ್ (ಹೊರಗಿನ ಗುಂಯ್ ತಡೆಯುವ ಲೋಹದ ಹೊದಿಕೆ) ಕಮ್ಮಿ ಇದೆ. ಒಳಗಿನ ಗುಂಡಿಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ಶಾಂತವಾಗುತ್ತದೆ. ತಂತಿ ಮುಟ್ಟಿದರೂ ಏನೂ ಬದಲಾಗದಿದ್ದರೆ ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ವೈರ್ ಬಿಟ್ಟಿರಬಹುದು.

ನಮ್ಮೂರಲ್ಲಿ ಇನ್ನೊಂದು ಕಾರಣ ಉಂಟು: ಮನೆಯ ಅರ್ಥಿಂಗ್. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥ್ ಗುಂಡಿ ಕೆಲಸ ಮಾಡುವುದೇ ಇಲ್ಲ. ಗುಂಡಿಗೆ ನೀರು ಹುಯ್ದ ಮೇಲೆ ಗುಂಯ್ ಇಳಿದ ಮನೆಗಳಿವೆ. ಫೋನ್ ಚಾರ್ಜರ್, ಫ್ಯಾನ್‌ನ ರೆಗ್ಯುಲೇಟರ್ ಕೂಡ ಒಂದೊಂದಾಗಿ ಆರಿಸಿ ನೋಡಿ. ಗುಂಯ್ ಹೋಗಲಿ ಅಂತ ಆಂಪ್‌ನ ಮೂರನೇ ಪಿನ್ ಮುರಿಯುವ ಜಾಣರಿದ್ದಾರೆ. ಅದು ಮಾತ್ರ ಬೇಡ. ನಿಮ್ಮ ಕೈಯಲ್ಲಿರುವುದು ಲೋಹದ ತಂತಿ, ಆಂಪ್‌ನಲ್ಲಿ ದೋಷ ಬಂದರೆ ಕರೆಂಟ್ ಬರುವುದು ಅದರಲ್ಲೇ.

ಗೇನ್ ಏರಿಸಿದರೆ ಕೀಂಯ್ ಅಂತ ಕೂಗುತ್ತದೆ.

ಸ್ವರ ಹಿಡಿದು ಹಾಡಿದ ಹಾಗೆ ಕೂಗಿದರೆ ಅದು ಒಳ್ಳೆಯ ಫೀಡ್‌ಬ್ಯಾಕ್. ಶಿಳ್ಳೆ ಹಾಕಿದ ಹಾಗೆ ಕೂಗಿದರೆ ಪಿಕಪ್ ಒಳಗಿನ ಸುತ್ತು ಸಡಿಲ ಇದೆ, ವೈರೇ ಅಲುಗಾಡಿ ಮೈಕ್ ಥರ ಕೆಲಸ ಮಾಡುತ್ತಿದೆ. ಒಳ್ಳೆಯ ಕಂಪನಿಗಳು ಪಿಕಪ್ಪನ್ನು ಮೇಣದಲ್ಲಿ ಅದ್ದಿ ಕೊಡುತ್ತವೆ. ಅಗ್ಗದ್ದಾದರೆ ನೀವೇ ಅದ್ದಬಹುದು, ಆದರೆ ಮೇಣದ ಪಾತ್ರೆಯನ್ನು ನೇರ ಒಲೆ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. 65 ಡಿಗ್ರಿ ದಾಟಿದರೆ ಕಾಯಿಲ್‌ನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಪಿಕಪ್ ಮೇಲೆ ಧೂಳು ಅಂಟುತ್ತದೆ. ಗಣಿಯ ಅದಿರಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಸಂಡೂರಿನ ಅದಿರು ಬಹುಪಾಲು ಹೆಮಟೈಟ್, ಅಯಸ್ಕಾಂತಕ್ಕೆ ಅದು ಅಷ್ಟಾಗಿ ಅಂಟುವುದಿಲ್ಲ. ಕೆಂಪು ಧೂಳು ಎಲ್ಲ ಕಡೆ ಕೂರುವ ಹಾಗೆ ಪಿಕಪ್ ಮೇಲೂ ಕೂರುತ್ತದೆ, ಊದಿದರೆ ಹೋಗುತ್ತದೆ. ಊದಿದರೂ ಹೋಗದೆ ಗಡ್ಡದ ಹಾಗೆ ನಿಂತಿರುವುದು ಉಕ್ಕಿನ ಪುಡಿ: ಸವೆದ ತಂತಿಯದ್ದು, ಇಲ್ಲವೇ ಪಕ್ಕದ ವೆಲ್ಡಿಂಗ್ ಅಂಗಡಿಯ ಗ್ರೈಂಡರ್‌ನಿಂದ ಹಾರಿದ್ದು. ಟೇಪಿನ ಅಂಟು ಬದಿ ಒತ್ತಿ ಒತ್ತಿ ತೆಗೆಯಿರಿ.

ನಾನು ಪ್ರೊಸೆಸರ್ ಬಳಸೋದು. ಆರ್ಕೆಸ್ಟ್ರಾದಲ್ಲಿ ನೇರ ಮಿಕ್ಸರ್‌ಗೆ. ನನಗೆ ಪಿಕಪ್ ಬೇಕಾ?

ಪ್ರೊಸೆಸರ್ (ಆಂಪ್, ಎಫೆಕ್ಟ್‌ಗಳ ಸದ್ದು ಕೊಡುವ ಡಿಜಿಟಲ್ ಪೆಟ್ಟಿಗೆ) ಬಳಸಿದರೂ ಪಿಕಪ್‌ನ ವ್ಯತ್ಯಾಸ ಕೇಳುತ್ತದೆ. ಆದರೆ ಕೆಲವರು ಗಿಟಾರ್ ಕೇಬಲ್ಲನ್ನೇ ಸೀದಾ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚುತ್ತಾರೆ. ಅದರ ಇಂಪೆಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಹತ್ತಿಪ್ಪತ್ತು ಕಿಲೋ ಓಮ್ ಇರಬಹುದು, ಗಿಟಾರ್ ಬಯಸುವುದು 1 ಮೆಗಾ ಓಮ್. ಪಿಕಪ್‌ನ ಕಚ್ಚೆಲ್ಲ ಅಲ್ಲೇ ಸತ್ತುಹೋಗುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಮದುವೆ ಸೀಸನ್ ಶುರುವಾಗುವ ಮೊದಲು ಹೊಸ ಪಿಕಪ್ ಹಾಕಿಸಿಕೊಂಡು ಹೋದ. ವಾರದಲ್ಲಿ ಬಂದು "ಅಣ್ಣಾ, ಏನೂ ಬದಲಾಗಿಲ್ಲ" ಅಂದ. ಮಿಕ್ಸರ್‌ಗೆ ಸೀದಾ ಚುಚ್ಚುತ್ತಿದ್ದ. ನಡುವೆ ಡಿಐ ಬಾಕ್ಸೋ (ಗಿಟಾರ್ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಡಬ್ಬಿ) ಪ್ರೊಸೆಸರೋ ಇಡಿ ಅಂತ ಹೇಳಿ ಕಳಿಸಿದೆ. ಮತ್ತೆ ದೂರು ಬರಲಿಲ್ಲ.

ಬಳ್ಳಾರಿಯಲ್ಲಿ ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದು ಅಸಲಿಯಾ?

ಇಲ್ಲಿ ಅಂಗಡಿಯಲ್ಲಿ ಸಾಮಾನ್ಯವಾಗಿ ಇಟ್ಟಿರುವುದಿಲ್ಲ. ಬೆಂಗಳೂರಿನಿಂದ ತರಿಸುತ್ತೇವೆ, ಇಲ್ಲವೇ ಯಾರಾದರೂ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರುವವರಿಗೆ ಹೇಳುತ್ತೇವೆ. ಅಸಲಿ ಬ್ರಾಂಡ್ ಪಿಕಪ್ ಹತ್ತು ಸಾವಿರದ ಆಸುಪಾಸು ಆಗುತ್ತದೆ. ಅದೇ ಹೆಸರಿನದ್ದು ಎರಡು ಸಾವಿರಕ್ಕೆ ಸಿಕ್ಕರೆ ಅನುಮಾನಪಡಿ. ನಾನು ಹೀಗೆ ಒಂದು ತರಿಸಿ ಮೋಸ ಹೋಗಿದ್ದೇನೆ. ಡಬ್ಬಿ, ಸ್ಟಿಕ್ಕರ್ ಎಲ್ಲ ಥೇಟ್ ಅದೇ. ಮೀಟರ್ ಇಟ್ಟರೆ 16 ತೋರಿಸಬೇಕಾದ್ದು 8 ತೋರಿಸಿತು. ವೈರ್ ಬಣ್ಣವೂ ಆ ಕಂಪನಿಯದ್ದಲ್ಲ. ಓಮ್‌ನ ಅಂಕಿ ಸದ್ದು ಹೇಳುವುದಿಲ್ಲ ನಿಜ, ಕಳ್ಳನನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ.

ಗಿಟಾರೇ ಎಂಟು ಸಾವಿರದ್ದು, ಪಿಕಪ್ ಹತ್ತು ಸಾವಿರದ್ದು ಅಂದರೆ ನಾನು ಬೇಡ ಅನ್ನುತ್ತೇನೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಳ್ಳೆಯ ಗಿಟಾರ್ ನೋಡಿ. ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವುದು ತಪ್ಪಲ್ಲ, ಅದರಲ್ಲಿ ಸವೆಯುವಂಥದ್ದು ಏನೂ ಇಲ್ಲ. ಮೀಟರ್ ಇಟ್ಟು ನೋಡಿ, ವೈರ್ ಮೋಟಾಗಿಲ್ಲ ತಾನೇ ನೋಡಿ, ಸಾಕು.

ತೆಗೆದ ಹಳೇ ಪಿಕಪ್ ಏನು ಮಾಡಲಿ?

ಎಸೆಯಬೇಡಿ. ಸ್ಕ್ರೂ, ಸ್ಪ್ರಿಂಗ್ ಸಮೇತ ಒಂದು ಕವರ್‌ನಲ್ಲಿ ಹಾಕಿ, ಯಾವ ಗಿಟಾರಿನದ್ದು ಅಂತ ಬರೆದಿಡಿ. ಗಿಟಾರ್ ಮಾರುವಾಗ ಹಳೇದನ್ನು ವಾಪಸ್ ಕೂರಿಸಿ ಹೊಸದನ್ನು ಇಟ್ಟುಕೊಳ್ಳಬಹುದು. ನನ್ನ ಮೇಜಿನ ಕೆಳಗಿನ ಡಬ್ಬಿಯಲ್ಲಿ ಹೀಗೆ ಜನ ಮರೆತು ಬಿಟ್ಟು ಹೋದ ಹನ್ನೊಂದು ಪಿಕಪ್ ಇವೆ. ನಿಮ್ಮದಿದ್ದರೆ ಸಂಜೆ ಏಳರ ಮೇಲೆ ಬಂದು ತಗೊಂಡು ಹೋಗಿ.